2018ರ ಡುಕಾಟಿ ಸೂಪರ್‌ಸ್ಪೋರ್ಟ್ ಎಸ್, 19,400 ಕಿ.ಮೀ. ಓಡಿದೆ: ತುಮಕೂರಲ್ಲಿ ಇಟ್ಕೊಂಡು ಓಡಿಸಬಹುದಾ?

ಬಟವಾಡಿ_ಬೈಕರ್ (ತುಮಕೂರು)

ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಡುಕಾಟಿ ಸೂಪರ್‌ಸ್ಪೋರ್ಟ್ ಎಸ್ ಮಾತಿಗೆ ಬಂದಿದೆ. 2018ರ ಗಾಡಿ, ಕೆಎ 05 ನೋಂದಣಿ, ಈಗ ಇರೋರು ಎರಡನೇ ಮಾಲೀಕರು. ಮೀಟರಲ್ಲಿ 19,400 ಕಿ.ಮೀ. ಇದೆ. 8.25 ಲಕ್ಷ ಹೇಳ್ತಿದ್ದಾರೆ, ಚೌಕಾಸಿಗೆ ಜಾಗ ಇದೆ ಅನ್ಸುತ್ತೆ. "15,000ಕ್ಕೆ ಶೋರೂಂ ಸರ್ವಿಸ್ ಆಗಿದೆ, ದೊಡ್ಡ ಸರ್ವಿಸ್ ಬರೋದು 30,000ಕ್ಕೆ, ಅಲ್ಲಿವರೆಗೆ ಪೆಟ್ರೋಲ್ ಹಾಕ್ಕೊಂಡು ಓಡಿಸ್ತಾ ಇರಿ" ಅಂತಾರೆ. ಕಳೆದ ವರ್ಷವೆಲ್ಲ ಗಾಡಿ ಹೆಚ್ಚು ನಿಂತೇ ಇತ್ತಂತೆ.

ನನ್ನ ಓಡಾಟ ಅಂದ್ರೆ ತಿಪಟೂರು, ಅರಸೀಕೆರೆ, ಕಡೂರು ಮೇಲೆ ಚಿಕ್ಕಮಗಳೂರು, ಇಲ್ಲಾಂದ್ರೆ ಹೈವೇಯಲ್ಲಿ ಚಿತ್ರದುರ್ಗದ ಕಡೆ. ಒಮ್ಮೊಮ್ಮೆ ಹಿಂದೆ ಹೆಂಡತಿ ಕೂರ್ತಾರೆ. ದಿನಾ ಆಫೀಸಿಗೆ ಬೇರೆ ಗಾಡಿ ಇದೆ.

ಕೇಳಬೇಕಾಗಿರೋದು ಇಷ್ಟು. ಮಾರೋರ ಮಾತು ಎಷ್ಟು ನಂಬಬಹುದು? ನೋಡೋಕೆ ಹೋದಾಗ ಏನೇನು ಪರೀಕ್ಷೆ ಮಾಡಬೇಕು? ಶೋರೂಂ ಇರೋದು ಬೆಂಗಳೂರಲ್ಲಿ, ನಾನಿರೋದು 70 ಕಿ.ಮೀ. ದೂರದಲ್ಲಿ. ಇಲ್ಲಿ ಇಂಥ ಗಾಡಿ ಇಟ್ಕೊಳ್ಳೋದು ಪ್ರಾಯೋಗಿಕವಾ?


ಗುಬ್ಬಿ_ಸ್ಪ್ಯಾನರ್

ಮಾರೋರು ಹೇಳಿದ್ದು ಅರ್ಧ ಸರಿ ಸರ್. ಇನ್ನರ್ಧದಲ್ಲೇ ನಿಮ್ಮ ದುಡ್ಡು ಹೋಗೋದು.

ಈ 937 ಸಿಸಿ ಎಂಜಿನ್‌ಗೆ ವಾಲ್ವ್ ಕ್ಲಿಯರೆನ್ಸ್ (ವಾಲ್ವಿಗೂ ಅದನ್ನ ಆಡಿಸೋ ಭಾಗಕ್ಕೂ ನಡುವಿನ ಸಂದು) ನೋಡೋದು 30,000 ಕಿ.ಮೀ.ಗೆ, ಅದು ನಿಜ. ಆದರೆ ಟೈಮಿಂಗ್ ಬೆಲ್ಟ್‌ಗೆ ಎರಡು ಲೆಕ್ಕ ಇದೆ: 30,000 ಕಿ.ಮೀ. ಇಲ್ಲಾ 5 ವರ್ಷ, ಯಾವುದು ಮೊದಲು ಬರುತ್ತೋ ಅದು. 2018ರ ಗಾಡಿಗೆ ಆ 5 ವರ್ಷ 2023ರಲ್ಲೇ ಮುಗಿದುಹೋಗಿದೆ. ಅಂದ್ರೆ ಕಿಲೋಮೀಟರ್ ಎಷ್ಟೇ ಕಡಿಮೆ ಇರಲಿ, ಬೆಲ್ಟ್ ಬದಲಾಯಿಸಿರೋ ಬಿಲ್ ಇಲ್ಲದಿದ್ದರೆ ಅದು ಅವಧಿ ಮೀರಿದ ಬೆಲ್ಟೇ.

ಇದನ್ನ ಹಗುರವಾಗಿ ತಗೋಬೇಡಿ. ಮಾಮೂಲಿ ಎಂಜಿನ್‌ನಲ್ಲಿ ಕ್ಯಾಮ್ ತೆರೆದ ವಾಲ್ವನ್ನ ಸ್ಪ್ರಿಂಗ್ ಮುಚ್ಚುತ್ತೆ. ಡುಕಾಟಿಯ ಡೆಸ್ಮೊದಲ್ಲಿ ತೆರೆಯೋಕೆ ಒಂದು ರಾಕರ್, ಎಳೆದು ಮುಚ್ಚೋಕೆ ಇನ್ನೊಂದು ರಾಕರ್. ಕ್ಯಾಮ್ ತಿರುಗಿಸೋದು ರಬ್ಬರ್ ಬೆಲ್ಟ್, ಸಿಲಿಂಡರಿಗೆ ಒಂದರಂತೆ ಎರಡು. ಬೆಲ್ಟ್ ಹರಿದರೆ, ಅಥವಾ ಒಂದೆರಡು ಹಲ್ಲು ಜಾರಿದರೆ ಸಾಕು, ಪಿಸ್ಟನ್ ಮೇಲೆ ಬಂದು ತೆರೆದಿರೋ ವಾಲ್ವಿಗೆ ಹೊಡೆಯುತ್ತೆ. ವಾಲ್ವ್ ಬಗ್ಗುತ್ತೆ, ಹೆಡ್ ಬಿಚ್ಚಬೇಕಾಗುತ್ತೆ, ಪಿಸ್ಟನ್ನೂ ಹೋಗಬಹುದು. ರಬ್ಬರ್‌ಗೆ ವಯಸ್ಸಾಗೋಕೆ ಗಾಡಿ ಓಡಲೇಬೇಕು ಅಂತಿಲ್ಲ. ನಿಂತ ಗಾಡಿಯಲ್ಲಿ ಬೆಲ್ಟ್ ಪುಲ್ಲಿ ಸುತ್ತ ಒಂದೇ ಜಾಗದಲ್ಲಿ ಬಾಗಿಕೊಂಡಿರುತ್ತೆ, ಎಂಜಿನ್ ಬಿಸಿಗೆ ಗಟ್ಟಿಯಾಗಿರುತ್ತೆ. ಹೀಗಾಗಿ "ನಿಂತೇ ಇತ್ತು" ಅನ್ನೋದು ಇಲ್ಲಿ ಹೊಗಳಿಕೆ ಅಲ್ಲ.

ಬೆಲ್ಟ್ ಹಾಕಿಸುವಾಗ ಎರಡನ್ನೂ ಒಟ್ಟಿಗೇ ಹಾಕಿಸಿ. ಬಿಚ್ಚಿದಾಗ ಟೆನ್ಷನರ್ ಮತ್ತು ಐಡ್ಲರ್ ಬೇರಿಂಗುಗಳನ್ನ ಬೆರಳಲ್ಲಿ ತಿರುಗಿಸಿ ನೋಡಲಿ. ಗರಗರ ಅಂದ್ರೆ ಅವೂ ಬದಲಾಗಬೇಕು. ಹೊಸ ಬೆಲ್ಟ್‌ನ ಬಿಗಿತವನ್ನ ಗಿಟಾರ್ ತಂತಿಗೆ ಶ್ರುತಿ ಹಿಡಿಯೋ ಹಾಗೆ, ಮೀಟಿ ಬರೋ ಸದ್ದಿನ ಹರ್ಟ್ಜ್ ಅಳೆದು ಹೊಂದಿಸ್ತಾರೆ. ಆ ಮೀಟರ್ ಇಲ್ಲದೆ ಕೈಯಂದಾಜಲ್ಲಿ ಬಿಗಿಯೋರ ಹತ್ತಿರ ಈ ಕೆಲಸ ಬೇಡವೇ ಬೇಡ. ಜಾಸ್ತಿ ಬಿಗಿದರೆ ಬೇರಿಂಗ್ ಸಾಯುತ್ತೆ, ಸಡಿಲ ಬಿಟ್ಟರೆ ಹಲ್ಲು ಜಾರುತ್ತೆ.

30,000ದ ಡೆಸ್ಮೊ ಕೆಲಸದ ಬಗ್ಗೆಯೂ ತಿಳ್ಕೊಂಡಿರಿ. ಎಂಟು ವಾಲ್ವು, ಪ್ರತಿಯೊಂದಕ್ಕೂ ತೆರೆಯೋ ಶಿಮ್ (ಸಂದು ಹೊಂದಿಸೋ ಪುಟ್ಟ ಬಿಲ್ಲೆ) ಒಂದು, ಮುಚ್ಚೋ ಶಿಮ್ ಒಂದು. ಒಟ್ಟು ಹದಿನಾರು ಅಳತೆ, ಅದೂ ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ. ಕೂಲಿಯೇ ದೊಡ್ಡದು, ಬಿಲ್ ಐದಂಕಿಯಲ್ಲಿ ಬರುತ್ತೆ. ನಿಮಗೆ ಅದು ಇನ್ನೂ 10,600 ಕಿ.ಮೀ. ದೂರ ಇದೆ, ಈಗ ಬೇಕಾಗಿರೋದು ಬೆಲ್ಟ್ ಮಾತ್ರ. ಗಾಡಿ ನೋಡೋಕೆ ಹೋಗೋ ಮೊದಲೇ ಶೋರೂಮಿಗೆ ಚಾಸಿಸ್ ಸಂಖ್ಯೆ ಕೊಟ್ಟು, ಬೆಲ್ಟ್ ಮತ್ತು ವಾರ್ಷಿಕ ಸರ್ವಿಸ್‌ಗೆ ಬರವಣಿಗೆಯಲ್ಲಿ ಎಸ್ಟಿಮೇಟ್ ತರಿಸ್ಕೊಳ್ಳಿ. ರೀಕಾಲ್ ಕೆಲಸ ಯಾವುದಾದರೂ ಬಾಕಿ ಇದೆಯಾ ಅಂತಲೂ ಆಗಲೇ ಕೇಳಿ.


ಶಿರಾಗೇಟ್_937

ಬೆಲ್ಟ್ ವಿಷಯ ಅಣ್ಣ ಹೇಳಿದ್ರು. ನೋಡೋಕೆ ಹೋದಾಗಿನ ಕ್ರಮ ನಾನು ಹೇಳ್ತೀನಿ.

ಬೆಳಿಗ್ಗೆ ಹೋಗಿ, "ನಾನು ಬರೋವರೆಗೆ ಸ್ಟಾರ್ಟ್ ಮಾಡಬೇಡಿ" ಅಂತ ಮೊದಲೇ ತಿಳಿಸಿ. ಹೋದ ತಕ್ಷಣ ಎಂಜಿನ್ ಕೇಸ್ ಮುಟ್ಟಿ ನೋಡಿ. ಬೆಚ್ಚಗಿದ್ರೆ ತಣ್ಣನೆ ಎಂಜಿನ್‌ನ ತೊಂದರೆ ಏನೋ ಮುಚ್ಚಿಡ್ತಿದ್ದಾರೆ ಅಂತ ಅನುಮಾನ ಪಡಬೇಕು. ಜೇಬಲ್ಲಿ ಒಂದು ಮಲ್ಟಿಮೀಟರ್ ಇರಲಿ. ಕೀ ಹಾಕೋ ಮೊದಲು ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಸ್ಟಾರ್ಟ್ ಆದ ಮೇಲೆ ಮೂರ್ನಾಲ್ಕು ಸಾವಿರ ಆರ್‌ಪಿಎಂನಲ್ಲಿ 13.8ರಿಂದ 14.4ರೊಳಗೆ ಇರಬೇಕು. ಏರದೇ ಇದ್ರೆ ಸ್ಟೇಟರ್ ಅಥವಾ ರೆಗ್ಯುಲೇಟರ್-ರೆಕ್ಟಿಫೈಯರ್, ಅಂದ್ರೆ ಬ್ಯಾಟರಿ ಚಾರ್ಜ್ ಮಾಡೋ ಭಾಗಗಳ ಕಡೆ ತೊಂದರೆ. ಡುಕಾಟಿಗಳಲ್ಲಿ ರೆಗ್ಯುಲೇಟರ್ ಕನೆಕ್ಟರ್ ಬಿಸಿಯಾಗಿ ಕಂದು ಬಣ್ಣಕ್ಕೆ ತಿರುಗೋದು ಹಳೇ ಕಾಯಿಲೆ, ಆ ಪ್ಲಗ್ ಎಳೆದು ಪಿನ್‌ಗಳ ಬಣ್ಣ ನೋಡಿ.

ಕೀ ಆನ್ ಮಾಡಿದಾಗ ಎಂಜಿನ್ ಲೈಟ್ ಹತ್ತಿ, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತಲೇ ಇಲ್ಲ ಅಂದ್ರೂ ಅನುಮಾನ. ಎಬಿಎಸ್ ಲೈಟ್ ನಾಲ್ಕು ಹೆಜ್ಜೆ ಉರುಳಿದ ಮೇಲೆ ಆರುತ್ತೆ. ಎರಡೂ ಕೀ ಕೇಳಿ ಪಡೀರಿ, ಎರಡರಲ್ಲೂ ಸ್ಟಾರ್ಟ್ ಮಾಡಿ ನೋಡಿ. ಇಮ್ಮೊಬಿಲೈಸರ್ ಕೀ (ಗಾಡಿ ಗುರುತಿಸೋ ಚಿಪ್ ಇರೋ ಕೀ) ಕಳೆದಿದ್ರೆ ಹೊಸದಕ್ಕೆ ಶೋರೂಮಿಗೇ ಹೋಗಬೇಕು.

ನಿಜವಾಗಿ ಎಸ್ ಮಾದರಿಯಾ ಅಂತಲೂ ಖಚಿತ ಮಾಡ್ಕೊಳ್ಳಿ. ಎಸ್‌ಗೆ ಮುಂದೆ ಓಲಿನ್ಸ್‌ನ 48 ಮಿ.ಮೀ. ಚಿನ್ನದ ಬಣ್ಣದ ಫೋರ್ಕ್, ಹಿಂದೆ ಓಲಿನ್ಸ್ ಶಾಕ್, ಕ್ವಿಕ್‌ಶಿಫ್ಟರ್ (ಕ್ಲಚ್ ಹಿಡಿಯದೆ ಗೇರ್ ಬದಲಾಯಿಸೋ ವ್ಯವಸ್ಥೆ) ಕಂಪನಿಯಿಂದಲೇ ಬರುತ್ತೆ. ಮಾಮೂಲಿ ಸೂಪರ್‌ಸ್ಪೋರ್ಟ್‌ಗೆ ಮಾರ್ಜೋಕಿ 43 ಮಿ.ಮೀ. ಫೋರ್ಕ್, ಸ್ಯಾಕ್ಸ್ ಶಾಕ್. ಫೋರ್ಕ್ ಕೊಳವೆ ಮೇಲೆ ಬೆರಳು ಸವರಿದಾಗ ಎಣ್ಣೆ ಅಂಟಿದ್ರೆ ಸೀಲ್ ಹೋಗಿದೆ. ಕಲ್ಲು ಬಡಿದ ಗುಳಿ ಇದ್ರೆ ಹೊಸ ಸೀಲ್ ಹಾಕಿದ್ರೂ ಮತ್ತೆ ಹರಿಯುತ್ತೆ.

ಬಿದ್ದಿದೆಯಾ ಅನ್ನೋದು ಫೇರಿಂಗ್ ನೋಡಿದ್ರೆ ಗೊತ್ತಾಗಲ್ಲ, ಅದನ್ನ ಬದಲಾಯಿಸಿರ್ತಾರೆ. ಹ್ಯಾಂಡಲ್ ಪೂರ್ತಿ ಎಡಕ್ಕೆ, ಬಲಕ್ಕೆ ತಿರುಗಿಸಿ, ಅದು ಬಂದು ತಾಗೋ ಸ್ಟಾಪರ್ ಜಾಗ ನೋಡಿ. ಅಲ್ಲಿ ಜಜ್ಜಿದ್ರೆ, ಬಣ್ಣ ಬಿರಿದಿದ್ರೆ ಮುಂಭಾಗಕ್ಕೆ ಜೋರಾದ ಪೆಟ್ಟು ಬಿದ್ದಿದೆ ಅಂತ. ಟ್ರೆಲ್ಲಿಸ್ ಫ್ರೇಮಿನ ಕೊಳವೆಗಳು ಸ್ಟೀರಿಂಗ್ ಹೆಡ್‌ಗೆ ಸೇರೋ ಬೆಸುಗೆಗಳನ್ನ ಟಾರ್ಚ್ ಹಿಡಿದು ಒಂದೊಂದಾಗಿ ನೋಡಿ. ಅಲ್ಲೇನಾದ್ರೂ ಕಂಡ್ರೆ ಬೆಲೆ ಮಾತಾಡೋಕೂ ಹೋಗಬೇಡಿ, ವಾಪಸ್ ಬನ್ನಿ.

ರಿಮ್ ನೋಡೋದು ಮರೀಬೇಡಿ. ನಮ್ಮ ಗುಂಡಿಗಳಿಗೆ ಅಲಾಯ್ ಬಗ್ಗೋದು ಮಾಮೂಲು. ಹಿಂದಿನ ಚಕ್ರ ಎತ್ತಿ, ಒಂದು ಪೆನ್ನನ್ನ ಸ್ವಿಂಗ್‌ಆರ್ಮ್‌ಗೆ (ಹಿಂದಿನ ಚಕ್ರ ಹಿಡಿದಿರೋ ತೋಳಿಗೆ) ಒತ್ತಿ ಹಿಡಿದು, ತುದಿ ರಿಮ್ ಅಂಚಿನ ಹತ್ತಿರ ಬರೋ ಹಾಗೆ ಇಟ್ಟು ಚಕ್ರ ತಿರುಗಿಸಿ. ಪೆನ್ನಿಗೂ ರಿಮ್ಮಿಗೂ ನಡುವಿನ ಸಂದು ಒಂದೇ ಸಮ ಇರಬೇಕು. ಒಂದು ಕಡೆ ತಾಗಿ ಇನ್ನೊಂದು ಕಡೆ ಬಿಟ್ಟರೆ ರಿಮ್ ಬಗ್ಗಿದೆ.

ಟೈರ್ ಮೇಲೆ ನಾಲ್ಕಂಕಿ ತಾರೀಕು ಇರುತ್ತೆ. 2319 ಅಂದ್ರೆ 2019ರ 23ನೇ ವಾರ. ಗ್ರಿಪ್ ಎಷ್ಟೇ ಉಳಿದಿದ್ರೂ ಏಳು ವರ್ಷದ ಟೈರಲ್ಲಿ 110 ಹಾರ್ಸ್‌ಪವರ್ ಗಾಡಿ ಓಡಿಸಬಾರದು. 120/70 ಮತ್ತು 180/55, ಎರಡೂ 17 ಇಂಚು, ಒಳ್ಳೆ ಟೂರಿಂಗ್ ಟೈರಿನ ಜೋಡಿಯ ಬೆಲೆ ಮೂವತ್ತು ಸಾವಿರ ರೂಪಾಯಿ ದಾಟುತ್ತೆ. ಬ್ರೇಕ್ ಡಿಸ್ಕ್ ಮೇಲೆ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಕೆತ್ತಿರುತ್ತೆ, ವರ್ನಿಯರ್ ಇದ್ರೆ ಅಳೆದುಬಿಡಿ.

ಓಡಿಸುವಾಗ ಪೂರ್ತಿ ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತು ನ್ಯೂಟ್ರಲ್ ಹುಡುಕಿ. ಸಿಗೋಕೆ ಒದ್ದಾಡಿದ್ರೆ ಕ್ಲಚ್ಚಿನ ಎಣ್ಣೆ ಹಳತಾಗಿದೆ ಅಥವಾ ಗಾಳಿ ಸೇರಿದೆ, ಬ್ಲೀಡ್ ಮಾಡಿಸಿದ್ರೆ (ಹಳೇ ಎಣ್ಣೆ, ಗಾಳಿ ಹೊರಗೆ ತೆಗೆಸಿದ್ರೆ) ಸಾಮಾನ್ಯವಾಗಿ ಸರಿಹೋಗುತ್ತೆ. ಕ್ಲಚ್ ಸ್ಲೇವ್ ಸಿಲಿಂಡರ್ ಹತ್ತಿರ ಒದ್ದೆ ಇದ್ರೆ ಬ್ಲೀಡ್ ಸಾಲದು, ಸೀಲ್ ಬೇಕು. ಕ್ವಿಕ್‌ಶಿಫ್ಟರನ್ನ ನಾಲ್ಕು ಸಾವಿರದ ಮೇಲೆ, ಥ್ರಾಟಲ್ ತೆರೆದಿರುವಾಗಲೇ ಪರೀಕ್ಷಿಸಿ. ಕೆಳಗಿನ ಆರ್‌ಪಿಎಂನಲ್ಲಿ ಎಲ್ಲ ಗಾಡಿಯೂ ಒರಟಾಗಿಯೇ ಬೀಳುತ್ತೆ, ಅದು ದೋಷವಲ್ಲ.


ಕೋಲಾರ_ಕೆಎ07

ಕಾಗದಪತ್ರದ ಕಡೆಯಿಂದ ನಾಲ್ಕು ಮಾತು.

ಕೆಎ 05 ಆಗಿರುವುದು ನಿಮಗೆ ಅನುಕೂಲ. ಕರ್ನಾಟಕದೊಳಗಿನ ವರ್ಗಾವಣೆಗೆ ಜೀವಾವಧಿ ತೆರಿಗೆ ಮತ್ತೆ ಕಟ್ಟಬೇಕಿಲ್ಲ, ನಂಬರೂ ಬದಲಾಗುವುದಿಲ್ಲ. ಬೇರೆ ರಾಜ್ಯದ ಗಾಡಿ ಜಾಹೀರಾತಿನಲ್ಲಿ ಅಗ್ಗವಾಗಿ ಕಾಣುತ್ತದೆ. ಆದರೆ ಎನ್‌ಒಸಿ ತಂದು, ಇಲ್ಲಿಯ ತೆರಿಗೆಯನ್ನು ಗಾಡಿಯ ಮೂಲಬೆಲೆ ಮತ್ತು ವಯಸ್ಸಿನ ಲೆಕ್ಕದಲ್ಲಿ ಕಟ್ಟಿದಾಗ ಇಂಥ ಬೈಕಿಗೆ ಲಕ್ಷದ ಮೇಲೆ ಹೋಗುತ್ತದೆ. ಮೊದಲ ರಾಜ್ಯದಿಂದ ತೆರಿಗೆ ವಾಪಸ್ ಪಡೆಯುವುದಕ್ಕೆ ಓಡಾಡಬೇಕಾದದ್ದು ಬೇರೆ.

ಆರ್‌ಸಿಯಲ್ಲಿ ಹೈಪೋಥಿಕೇಶನ್ (ಗಾಡಿ ಮೇಲೆ ಬ್ಯಾಂಕ್ ಸಾಲ ಇದೆ ಎಂಬ ನಮೂದು) ಇದೆಯೇ ನೋಡಿ. ಸಾಲ ತೀರಿದ್ದರೂ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೊಟ್ಟು ಅದನ್ನು ತೆಗೆಸದಿದ್ದರೆ ವರ್ಗಾವಣೆ ನಿಂತುಬಿಡುತ್ತದೆ. ವರ್ಗಾವಣೆಗೆ ಫಾರಂ 29 ಎರಡು ಪ್ರತಿ, ಫಾರಂ 30, ಚಾಲ್ತಿಯಲ್ಲಿರುವ ಇನ್ಶೂರೆನ್ಸ್ ಮತ್ತು ಎಮಿಷನ್ ಪ್ರಮಾಣಪತ್ರ ಬೇಕು. ದೊಡ್ಡ ಬೈಕುಗಳನ್ನು ಕಂಪನಿ ಹೆಸರಿನಲ್ಲಿ ಕೊಂಡಿರುವುದು ಸಾಮಾನ್ಯ. ಹಾಗಿದ್ದರೆ ಮಾರಲು ಅಧಿಕಾರ ಕೊಟ್ಟ ಪತ್ರವಿಲ್ಲದೆ ಬರೀ ಸಹಿ ಸಾಲದು. ಬಾಕಿ ಇರುವ ಟ್ರಾಫಿಕ್ ದಂಡವನ್ನು ಆನ್‌ಲೈನಿನಲ್ಲಿ ನೋಡಿ, ಮಾರುವವರಿಂದಲೇ ಕಟ್ಟಿಸಿ. 2018ರ ಗಾಡಿಯಾದ್ದರಿಂದ ಎಚ್‌ಎಸ್‌ಆರ್‌ಪಿ ಪ್ಲೇಟ್ ಹಾಕಿಸಿದ್ದಾರೆಯೇ ಗಮನಿಸಿ.

ಚಾಸಿಸ್ ಸಂಖ್ಯೆಯ ಹತ್ತನೇ ಅಕ್ಷರ ಮಾದರಿಯ ವರ್ಷ ಹೇಳುತ್ತದೆ: ಎಚ್ ಇದ್ದರೆ 2017, ಜೆ ಇದ್ದರೆ 2018, ಕೆ ಇದ್ದರೆ 2019. ನೋಂದಣಿ 2018 ಆಗಿದ್ದು ಗಾಡಿ 2017ರದ್ದಾಗಿದ್ದರೆ ಬೆಲ್ಟಿನ ವಯಸ್ಸೂ ಒಂದು ವರ್ಷ ಹೆಚ್ಚು, ಬೆಲೆಯೂ ಅದಕ್ಕೆ ತಕ್ಕಂತೆ ಇಳಿಯಬೇಕು.

ಇನ್ಶೂರೆನ್ಸ್ ವರ್ಗಾವಣೆಗೆ ಗಾಡಿ ಕೊಂಡ 14 ದಿನದೊಳಗೆ ಅರ್ಜಿ ಹಾಕಬೇಕು. ಹಿಂದಿನವರ ನೋ ಕ್ಲೇಮ್ ಬೋನಸ್ ಅವರದ್ದೇ, ಗಾಡಿಯ ಜೊತೆ ಬರುವುದಿಲ್ಲ. ಹಾಗಾಗಿ ಅವರು ಕಟ್ಟುತ್ತಿದ್ದ ಪ್ರೀಮಿಯಂ ನೋಡಿ ನಿಮ್ಮ ಖರ್ಚು ಲೆಕ್ಕ ಹಾಕಬೇಡಿ.


ಬಟವಾಡಿ_ಬೈಕರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್ನೆರಡು ಅನುಮಾನ. ಈಗ ಬಂಕುಗಳಲ್ಲೆಲ್ಲ ಇ20 (20% ಎಥೆನಾಲ್ ಬೆರೆತ) ಪೆಟ್ರೋಲೇ, 2018ರ ಎಂಜಿನ್‌ಗೆ ಏನಾಗುತ್ತೆ? ಇನ್ನೊಂದು, ಇದೇ ದುಡ್ಡಿಗೆ ಚಿಕ್ಕಬಳ್ಳಾಪುರದಲ್ಲಿ ಒಂದು ಕವಾಸಾಕಿ ನಿಂಜಾ 1000 ಇದೆ ಅಂತ ಗೊತ್ತಾಯ್ತು. ಬುದ್ಧಿವಂತರು ಅದನ್ನೇ ತಗೊಳ್ತಾರೆ ಅಂತ ಸ್ನೇಹಿತರ ಸಲಹೆ.


ನಂದಿತಪ್ಪಲು_ಕೆಎ40

ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಸರ್. ನಿಂಜಾ 1000 ನಾಲ್ಕು ಸಿಲಿಂಡರ್, 1043 ಸಿಸಿ, 19 ಲೀಟರ್ ಟ್ಯಾಂಕ್. ಟೈಮಿಂಗ್‌ಗೆ ಬೆಲ್ಟ್ ಅಲ್ಲ, ಚೈನ್ ಇದೆ, ಐದು ವರ್ಷದ ಲೆಕ್ಕ ಅಲ್ಲಿಲ್ಲ. ಟಾಪ್ ಗೇರಲ್ಲಿ 50ರಲ್ಲಿದ್ರೂ ಎಳೆಯುತ್ತೆ. ಹೆಂಡತಿ ಜೊತೆ ದೂರ ಹೋಗೋದೇ ಮುಖ್ಯ ಅಂದ್ರೆ ಅದೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಾಡಿ ಭಾರ, ದೇವರಾಯನದುರ್ಗದಂಥ ಕಿರಿದಾದ ತಿರುವುಗಳಲ್ಲಿ ಆ ಭಾರ ಕೈಗೆ ಗೊತ್ತಾಗುತ್ತೆ.

ಸೂಪರ್‌ಸ್ಪೋರ್ಟ್ ಪೆಟ್ರೋಲ್ ತುಂಬಿಸಿದಾಗ 210 ಕೆ.ಜಿ., ಸೀಟ್ 810 ಮಿ.ಮೀ. ಹ್ಯಾಂಡಲ್ ಪೂರ್ತಿ ರೇಸ್ ಗಾಡಿಯಷ್ಟು ಕೆಳಗಿಲ್ಲ, ಮುಂದಿನ ಗಾಜನ್ನ 50 ಮಿ.ಮೀ. ಮೇಲೆ ಕೆಳಗೆ ಮಾಡಬಹುದು. 16 ಲೀಟರ್ ಟ್ಯಾಂಕಲ್ಲಿ ತುಮಕೂರಿಂದ ಚಿಕ್ಕಮಗಳೂರು ಆರಾಮಾಗಿ ಮುಟ್ಟುತ್ತೆ. ತೊಂದರೆ ಇರೋದು ಎರಡು ಕಡೆ. ಟ್ರಾಫಿಕ್‌ನಲ್ಲಿ ಹಿಂದಿನ ಸಿಲಿಂಡರಿನ ಬಿಸಿ ನೇರ ತೊಡೆಗೆ ಬರುತ್ತೆ, ಏಪ್ರಿಲ್‌ನಲ್ಲಿ ಬಿ.ಎಚ್. ರಸ್ತೆಯ ಮಧ್ಯಾಹ್ನ ಸಾಕಾಗಿಹೋಗುತ್ತೆ. ಮೀಟರ್ ನೂರು ಡಿಗ್ರಿ ದಾಟಿ ಫ್ಯಾನ್ ಶುರುವಾದ್ರೆ ಗಾಬರಿ ಬೇಡ, ಅದು ಸಹಜ. ಇನ್ನೊಂದು, ಹಳ್ಳಿ ರಸ್ತೆ ಹಂಪ್‌ಗಳು. ಸೈಲೆನ್ಸರ್ ಪೈಪು ಹೊಟ್ಟೆ ಕೆಳಗೇ ಹಾದುಹೋಗುತ್ತೆ, ಇಬ್ಬರು ಕೂತಾಗ ನೇರವಾಗಿ ಹತ್ತಿಸದೆ ಓರೆಯಾಗಿ ಹತ್ತಿಸಿ. ನೋಡೋಕೆ ಹೋದಾಗ ಮೊಣಕಾಲೂರಿ ಕೆಳಗಡೆ ಉಜ್ಜಿದ ಗುರುತು ಇದೆಯಾ ನೋಡಿ. ಜೊತೆಗೆ ರೇಡಿಯೇಟರ್ ಮತ್ತು ಆಯಿಲ್ ಕೂಲರ್ ರೆಕ್ಕೆಗಳನ್ನೂ ನೋಡಿ. ನಮ್ಮ ಕ್ವಾರಿ ಲಾರಿ ಓಡಾಡೋ ರಸ್ತೆಗಳಲ್ಲಿ ಜಾಲರಿ ಗಾರ್ಡ್ ಇಲ್ಲದ ರೇಡಿಯೇಟರ್ ಬಾಳಲ್ಲ. ಗಾರ್ಡ್ ಇಲ್ಲದಿದ್ರೆ ಮೊದಲ ಖರ್ಚು ಅದೇ ಆಗಲಿ.


ಗುಬ್ಬಿ_ಸ್ಪ್ಯಾನರ್

ಪಿಲಿಯನ್ (ಹಿಂದೆ ಕೂರೋರ) ವಿಷಯದಲ್ಲಿ ನಂದಿತಪ್ಪಲು ಸರ್ ಮಾತು ಒಪ್ತೀನಿ. ಆದರೆ "ಒಮ್ಮೊಮ್ಮೆ" ಅಂತ ನೀವೇ ಬರೆದಿದ್ದೀರಿ. ಅಷ್ಟಕ್ಕೆ ಸೂಪರ್‌ಸ್ಪೋರ್ಟ್ ಸಾಕು, ಗಂಟೆಗೊಮ್ಮೆ ಇಳಿದು ಕಾಲು ಚಾಚಿದ್ರೆ ಆಯ್ತು. ಈ ಎಂಜಿನ್‌ನ ಹೆಸರು ಟೆಸ್ಟಾಸ್ಟ್ರೆಟ್ಟಾ 11°. ಆ 11 ಡಿಗ್ರಿ ಅಂದ್ರೆ ವಾಲ್ವ್ ಓವರ್‌ಲ್ಯಾಪ್, ಅಂದ್ರೆ ಒಳಗೆ ಬಿಡೋ, ಹೊರಗೆ ಬಿಡೋ ವಾಲ್ವುಗಳೆರಡೂ ಒಟ್ಟಿಗೆ ತೆರೆದಿರೋ ಹೊತ್ತು. ಡುಕಾಟಿಯ ರೇಸ್ ಮೂಲದ ಟೆಸ್ಟಾಸ್ಟ್ರೆಟ್ಟಾದಲ್ಲಿ ಅದು 41 ಡಿಗ್ರಿ ಇತ್ತು. ಇಳಿಸಿದ್ದರಿಂದಲೇ ಕಡಿಮೆ ಆರ್‌ಪಿಎಂನಲ್ಲಿ ನಯವಾಗಿ ಓಡುತ್ತೆ. ಹಾಗಂತ ಮೂರು ಸಾವಿರಕ್ಕಿಂತ ಕೆಳಗೆ ದೊಡ್ಡ ಗೇರಲ್ಲಿ ಎಳೆಸಬೇಡಿ, ಚೈನ್ ಹೊಡೆದುಕೊಳ್ಳುತ್ತೆ.

ಪೆಟ್ರೋಲ್‌ಗೆ ಕಂಪನಿ ಕೇಳೋದು 95 ಆಕ್ಟೇನ್. ಅಷ್ಟು ಆಕ್ಟೇನ್ ಇರೋ ಪೆಟ್ರೋಲೇ ಹಾಕಿಸಿ. ಎಥೆನಾಲ್ ಎಷ್ಟರವರೆಗೆ ಒಪ್ಪುತ್ತೆ ಅನ್ನೋದಕ್ಕೆ ಮ್ಯಾನ್ಯುಯಲ್ ನೋಡಿ. ಈ ಕಾಲದ ಗಾಡಿಗಳನ್ನ ಇ10ವರೆಗಿನ ಪೆಟ್ರೋಲ್ ಲೆಕ್ಕದಲ್ಲಿ ಮಾಡಿರೋದು. ಒಂದು ಟ್ಯಾಂಕ್ ಇ20ಯಿಂದ ಎಂಜಿನ್ ಕೆಡಲ್ಲ. ಕೆಡಿಸೋದು ನಿಲ್ಲಿಸಿಡೋದು. ಎಥೆನಾಲ್ ಗಾಳಿಯಿಂದ ನೀರು ಹೀರುತ್ತೆ, ರಬ್ಬರ್ ಓ-ರಿಂಗ್ ಗಟ್ಟಿಯಾಗುತ್ತೆ. ನಿಮ್ಮ ಗಾಡಿ ವರ್ಷವೆಲ್ಲ ನಿಂತಿತ್ತು ಅಂದಿದ್ದರಿಂದ ಟ್ಯಾಂಕಿನ ಕೆಳಗೆ, ಪೆಟ್ರೋಲ್ ಪೈಪ್ ಸೇರೋ ಕನೆಕ್ಟರ್ ಹತ್ತಿರ ವಾಸನೆ ನೋಡಿ. ಬೆಲ್ಟ್ ಕೆಲಸಕ್ಕೆ ಬಿಚ್ಚಿದಾಗ ಅಲ್ಲಿಯ ಓ-ರಿಂಗುಗಳನ್ನೂ ಬದಲಾಯಿಸಿಬಿಡಿ, ನೂರಿನ್ನೂರು ರೂಪಾಯಿಗೆ ಕಂಜೂಸಿ ಬೇಡ.

ಊರಲ್ಲಿ ಆಗೋ ಕೆಲಸ, ಆಗದ ಕೆಲಸ ಬೇರೆ ಮಾಡ್ಕೊಳ್ಳಿ. ಚೈನ್ ಶುಚಿ, ಬ್ರೇಕ್ ಪ್ಯಾಡ್, ಬ್ಯಾಟರಿ ತುಮಕೂರಲ್ಲೇ ಆಗುತ್ತೆ. ಆಯಿಲ್ ಬದಲಾಯಿಸೋದೂ ಆಗುತ್ತೆ, ಆದರೆ ಮೀಟರಲ್ಲಿ ಬರೋ ಸರ್ವಿಸ್ ಸೂಚನೆ ಆರಿಸೋಕೆ ಡಯಾಗ್ನೋಸ್ಟಿಕ್ ಯಂತ್ರ ಬೇಕು. 15,000 ಕಿ.ಮೀ. ಇಲ್ಲಾ ವರ್ಷಕ್ಕೊಮ್ಮೆ ಸರ್ವಿಸ್ ಇರೋದರಿಂದ ವರ್ಷಕ್ಕೊಂದು ಸಲ ಬೆಂಗಳೂರಿಗೆ ಹೋದ್ರೆ ಸಾಕು.

ಟೈರ್ ಹಾಕಿಸೋ ಕಡೆ ಮಾತ್ರ ಎಚ್ಚರ. ಇದು ಒಂದೇ ಬದಿಯ ಸ್ವಿಂಗ್‌ಆರ್ಮ್. ಮಾಮೂಲಿ ಪ್ಯಾಡಕ್ ಸ್ಟ್ಯಾಂಡ್ ಕೂರಲ್ಲ, ಹಬ್ ಒಳಗೆ ತೂರೋ ಪಿನ್ ಇರೋ ಸ್ಟ್ಯಾಂಡೇ ಬೇಕು. ಮಾರೋರ ಹತ್ತಿರ ಇದ್ರೆ ಗಾಡಿ ಜೊತೆಗೇ ಕೇಳಿ. ಹಿಂದಿನ ಚಕ್ರಕ್ಕೆ ಒಂದೇ ದೊಡ್ಡ ನಟ್, ಅದಕ್ಕೆ ತಕ್ಕ ಸಾಕೆಟ್, ದೊಡ್ಡ ಟಾರ್ಕ್ ರೆಂಚ್ ಬೇಕು, ಮೇಲೆ ಲಾಕ್ ಕ್ಲಿಪ್ ಮತ್ತೆ ಕೂರಿಸಬೇಕು. ಚಕ್ರದ ನಡುವೆ ದೊಡ್ಡ ತೂತು ಇರೋದರಿಂದ ಬ್ಯಾಲೆನ್ಸಿಂಗ್ ಯಂತ್ರಕ್ಕೆ ಅಡಾಪ್ಟರ್ ಬೇಕು. ಮೊದಲೇ ಫೋನ್ ಮಾಡಿ ಇದೆಲ್ಲ ಇದೆಯಾ ಕೇಳಿಯೇ ಹೋಗಿ. ಚೈನ್ ಬಿಗಿಯೋದು ಕೂಡ ಎಕ್ಸೆಂಟ್ರಿಕ್ ಹಬ್ (ಅಚ್ಚು ನಡುಮಧ್ಯದಲ್ಲಿರದ ಹಬ್) ತಿರುಗಿಸಿಯೇ. ಗ್ರೀಸ್ ಇಲ್ಲದೆ ಅದು ಹಿಡಿದುಕೊಂಡಿದ್ರೆ ಸುತ್ತಿಗೆ ತಗೊಳ್ಳೋರು ಇದ್ದಾರೆ, ಹಾಗೆ ಮಾಡೋಕೆ ಬಿಡಬೇಡಿ. ಚೈನ್ ಬಿಗಿ ಜಾಸ್ತಿಯಾದ್ರೆ ಗೇರ್‌ಬಾಕ್ಸ್ ಹೊರಗಿನ ಬೇರಿಂಗ್ ಹೋಗುತ್ತೆ. ಎಷ್ಟು ಸಡಿಲ ಇರಬೇಕು ಅನ್ನೋದು ಸ್ವಿಂಗ್‌ಆರ್ಮ್ ಮೇಲಿನ ಸ್ಟಿಕ್ಕರಲ್ಲೇ ಇದೆ.


ಬಟವಾಡಿ_ಬೈಕರ್

ಗಾಡಿ ನೋಡಿದ್ದಾಯ್ತು. ಚಾಸಿಸ್ ಹತ್ತನೇ ಅಕ್ಷರ ಜೆ. ಎರಡೂ ಕೀ ಇದೆ. ಬ್ಯಾಟರಿ 12.3, ಓಡುವಾಗ 14.1. ಸ್ಟಾಪರ್, ಫ್ರೇಮ್, ಫೋರ್ಕ್ ಎಲ್ಲ ಸ್ವಚ್ಛ. ಬಲಗಡೆ ಬಾರ್ ಎಂಡ್ ಮತ್ತು ಫುಟ್‌ಪೆಗ್ ತುದಿ ಉಜ್ಜಿದೆ, ನಿಂತಲ್ಲೇ ಬಿದ್ದಿದ್ದು ಅಂದ್ರು. ಮುಂದಿನ ಟೈರ್ 0918, ಹಿಂದಿನದು 4121. ಬೆಲ್ಟ್ ಬದಲಾಯಿಸಿದ ಬಿಲ್ ಇಲ್ಲ, ಕೊನೇ ಸರ್ವಿಸ್ ಬಿಲ್ 2022ರದ್ದು. ಬಿಸಿಯಾದಾಗ ನ್ಯೂಟ್ರಲ್ ಸಿಗೋದು ಕಷ್ಟ. 7.9ಕ್ಕೆ ಇಳಿದಿದ್ದಾರೆ.


ಶಿರಾಗೇಟ್_937

ಗಾಡಿ ಒಳ್ಳೇದೇ ಇದೆ, ಬೆಲೆ ಇನ್ನೂ ಸರಿ ಇಲ್ಲ. ಬಲಗಡೆ ಉಜ್ಜಿರೋದರ ಕಥೆ ನಿಜವಾ ಅಂತ ಹೀಗೆ ನೋಡಬಹುದು: ನಿಂತಲ್ಲಿ ಬಿದ್ದ ಗೀರು ಗಿಡ್ಡ, ಒಂದೇ ಜಾಗದಲ್ಲಿ ಇರುತ್ತೆ. ಓಡುವಾಗ ಬಿದ್ದಿದ್ರೆ ಗೀರು ಮುಂದಿನಿಂದ ಹಿಂದಕ್ಕೆ ಉದ್ದ ಎಳೆದಿರುತ್ತೆ, ಕ್ಲಚ್ ಕವರ್ ಮೇಲೂ ಗುರುತು ಇರುತ್ತೆ. ಬ್ರೇಕ್ ಲಿವರ್ ಹೊಸದಾಗಿ ಹೊಳೀತಾ ಇದ್ರೆ ಕೇಳಿ.


ಗುಬ್ಬಿ_ಸ್ಪ್ಯಾನರ್

ಲೆಕ್ಕ ಹೀಗೆ ಹಾಕಿ. ಎರಡು ಬೆಲ್ಟ್, ಆಯಿಲ್ ಮತ್ತು ಫಿಲ್ಟರ್, ಏರ್ ಫಿಲ್ಟರ್, ಬ್ರೇಕ್ ಮತ್ತು ಕ್ಲಚ್‌ಗೆ ಹೊಸ ಡಾಟ್ 4 ಎಣ್ಣೆ, ಕೂಲಂಟ್, ಟೈರ್ ಜೋಡಿ. ಹಿಂದಿನ ಟೈರ್ ಇನ್ನೊಂದು ವರ್ಷ ಬಂದೀತು, ಆದರೆ ಮುಂದಿನದು 2018ರ 9ನೇ ವಾರದ್ದು, ಅದರ ಮೇಲೆ ಮಳೆಯಲ್ಲಿ ಬ್ರೇಕ್ ಹಿಡಿಯೋ ಹಾಗಿಲ್ಲ. ಬ್ಯಾಟರಿಯನ್ನ ರಾತ್ರಿಯಿಡೀ ಚಾರ್ಜ್‌ಗೆ ಹಾಕಿ ಮಾರನೇ ದಿನ ಮತ್ತೆ ಅಳೀರಿ, 12.6 ಮುಟ್ಟದಿದ್ರೆ ಅದನ್ನೂ ಸೇರಿಸಿ. ಶೋರೂಂ ಎಸ್ಟಿಮೇಟ್ ಕಾಗದ ಮುಂದಿಟ್ಟು, ಒಟ್ಟು ಮೊತ್ತವನ್ನ 7.9ರಿಂದ ಕಳೆದು ಮಾತಾಡಿ. ಅದಕ್ಕೆ ಒಪ್ಪದಿದ್ರೆ ಅವರೇ ಬೆಲ್ಟ್ ಹಾಕಿಸಿ ಬಿಲ್ ಕೊಡಲಿ, ಆಗ 7.9 ನ್ಯಾಯವಾದ ಬೆಲೆ. ಎರಡಕ್ಕೂ ಒಪ್ಪದಿದ್ರೆ ಬಿಡಿ, ಈ ಮಾದರಿಯ ಗಾಡಿ ಮತ್ತೆ ಬರುತ್ತೆ.

ಅಡ್ವಾನ್ಸ್ ಕೊಡೋದಾದ್ರೆ ಬ್ಯಾಂಕ್ ಮೂಲಕವೇ ಕೊಡಿ. "ಶೋರೂಂ ತಪಾಸಣೆಯಲ್ಲಿ ಫ್ರೇಮ್ ಅಥವಾ ಎಂಜಿನ್ ದೋಷ ಕಂಡರೆ ಪೂರ್ತಿ ವಾಪಸ್" ಅಂತ ಬರೆಸಿ ಸಹಿ ಹಾಕಿಸ್ಕೊಳ್ಳಿ. ಬೆಲ್ಟ್ ಕವರ್ ತೆಗೆಸಿ ಹಲ್ಲಿನ ಬುಡದಲ್ಲಿ ಬಿರುಕು, ಅಂಚಲ್ಲಿ ನೂಲು ಎದ್ದಿರೋದು, ಎಣ್ಣೆ ಕಲೆ ಇದೆಯಾ ಅಂತ ಆವತ್ತೇ ನೋಡಿಸಿ. ಎಣ್ಣೆ ಕಲೆ ಇದ್ರೆ ಕ್ಯಾಮ್ ಸೀಲೂ ಲೆಕ್ಕಕ್ಕೆ ಬರುತ್ತೆ.

ಬೆಲ್ಟ್ ಹಾಕಿಸೋ ಮೊದಲು ಗಾಡಿಯನ್ನ ತುಮಕೂರಿಗೆ ಓಡಿಸ್ಕೊಂಡು ಬರಬೇಡಿ. ಗಾಡಿ ಇರೋದೂ ಶೋರೂಂ ಇರೋದೂ ಬೆಂಗಳೂರಲ್ಲೇ, ಟೆಂಪೊದಲ್ಲಿ ಹಾಕಿ ನೇರ ಅಲ್ಲಿಗೇ ಕಳಿಸಿ. ಕಟ್ಟುವಾಗ ಹಗ್ಗ ಫೇರಿಂಗ್ ಮೇಲೆ ಬರದೆ ಫೋರ್ಕಿನ ಕೆಳಗಿನ ಕ್ಲ್ಯಾಂಪಿಗೆ ಬರಬೇಕು, ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಕಟ್ಟೋಕೆ ಬಿಡಬೇಡಿ.